ಕಾರ್ಬೊರೇಟರ್ ಕಿಟ್: ರಬ್ಬರ್ ಭೇಷ್, ಹಿತ್ತಾಳೆ ದಂಡ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದು ಸ್ಪೇರ್ ಅಂಗಡಿಯಲ್ಲಿ 280 ರೂಪಾಯಿ ಕೊಟ್ಟು ತಂದ, ಬೈಕಿನ ಕಾರ್ಬೊರೇಟರ್ (ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ರಿಪೇರಿ ಕಿಟ್ ಇದು. ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಫ್ಲೋಟ್ ಪಿನ್ (ಒಳಬರುವ ಪೆಟ್ರೋಲನ್ನು ತಡೆಯುವ ರಬ್ಬರ್ ತುದಿಯ ಸೂಜಿ), ಬೌಲ್ (ಪೆಟ್ರೋಲ್ ನಿಲ್ಲುವ ತಳದ ಬಟ್ಟಲು) ವಾಶರ್, ನಾಲ್ಕಾರು ಓ-ರಿಂಗ್ ಅನ್ನುವ ರಬ್ಬರ್ ಉಂಗುರ, ಎರಡು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು), ಒಂದು ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗಿನ ಮಿಶ್ರಣ ಹೊಂದಿಸುವ ತಿರುಪು). ಯಾವುದು ಎಲ್ಲಿಗೆ ಅಂತ ಹೇಳುವ ಚೀಟಿ ಇಲ್ಲ.

ನನ್ನ ಗಾಡಿ ಹೀರೋ ಇಂಪಲ್ಸ್, ಮಣ್ಣುದಾರಿಗೂ ಆಗುವ ಬೈಕ್. 2011ರಲ್ಲಿ ಬಂದು ಕೆಲವು ವರ್ಷಕ್ಕೇ ನಿಂತುಹೋದದ್ದು. ಅಸಲಿ ಡರ್ಟ್ ಬೈಕ್ ಇಟ್ಟವರು ನೋಡಿ ನಗಬಹುದು. ನಗಲಿ ಬಿಡಿ, ಸ್ಕಂದಗಿರಿ ಬುಡದ ಮಣ್ಣುದಾರಿಗೆ, ಆವಲಬೆಟ್ಟದ ಕಡೆ ಕಲ್ಲು ಹಾದಿಗೆ ನನಗೆ ಇದೇ ಸಾಕು. “ಇಂಪಲ್ಸ್ ಹೆಸರಲ್ಲಿ ಕಿಟ್ ಬರಲ್ಲ ಸಾರ್, ಹಂಕ್‌ದು ತಗೊಳ್ಳಿ, ಕೂರುತ್ತೆ” ಎಂದರು ಅಂಗಡಿಯವರು. ಹಂಕ್ ಕೂಡ ಹೀರೋ ಬೈಕೇ, ಎರಡಕ್ಕೂ 149.2 ಸಿಸಿ ಎಂಜಿನ್ ತಾನೇ, ಅಂತ ನಾನೂ ಒಪ್ಪಿದೆ.

ಗಾಡಿಗೆ ಎರಡು ಕಾಯಿಲೆ ಇತ್ತು. ನಿಲ್ಲಿಸಿದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಚೋಕ್ ತೆಗೆದರೆ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಕೊಡದೆ ಓಡುವಾಗ) ಎಂಜಿನ್ ಆಫ್ ಆಗಿಬಿಡುತ್ತಿತ್ತು. ಮೊದಲನೆಯದು ಫ್ಲೋಟ್ ಪಿನ್ನಿನ ಕಥೆ, ಎರಡನೆಯದು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್‌ದು.

ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಹುಳು ನಾಲ್ಕನೇ ಜ್ವರಕ್ಕೆ (ಪೊರೆ ಬಿಡುವುದಕ್ಕೆ) ಕೂತಿದ್ದವು. “ಆ ಪೆಟ್ರೋಲ್, ಸ್ಪ್ರೇ ವಾಸನೆ ಹುಳು ಮನೆ ಹತ್ತಿರ ಬಂದರೆ ನೋಡು” ಎಂದು ಅಮ್ಮ ಮೊದಲೇ ಹೇಳಿಬಿಟ್ಟರು. ಹಾಗಾಗಿ ಗಾಡಿ, ಸ್ಪ್ರೇ, ಹಳೇ ಸ್ಟೀಲ್ ತಟ್ಟೆ ಎಲ್ಲ ಹಿಪ್ಪುನೇರಳೆ ತೋಟದ ಆಚೆ ಪಂಪ್‌ಸೆಟ್ ಶೆಡ್ಡಿಗೆ ಹೋದವು. ಒಳ್ಳೆಯದೇ ಆಯಿತು. ಕಾರ್ಬ್ ಕ್ಲೀನರ್ ಸ್ಪ್ರೇ ಗಾಳಿ ಆಡುವ ಕಡೆಯೇ ಹೊಡೆಯಬೇಕು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಜೆಟ್ಟಿನ ಒಂದು ತೂತಿಗೆ ಹೊಡೆದರೆ ಇನ್ನೊಂದು ತೂತಿನಿಂದ ನೇರ ಮುಖಕ್ಕೇ ಚಿಮ್ಮುತ್ತೆ.

ಬೌಲ್ ಬಿಚ್ಚಿದಾಗ ತಳದಲ್ಲಿ ಹಳದಿ ಅಂಟು, ಅದರ ಮೇಲೆ ನುಣ್ಣನೆ ಬಿಳಿ ಧೂಳು. ಪೆರೇಸಂದ್ರದ ಕಡೆ ಓಡಾಡುವವರಿಗೆ ಕಲ್ಲು ಕ್ರಷರ್ ಧೂಳು ಗೊತ್ತಲ್ವಾ, ಅದೇ ಇರಬೇಕು. ಹಳೇ ಫ್ಲೋಟ್ ಪಿನ್ ತೆಗೆದು ಬಿಸಿಲಿಗೆ ಹಿಡಿದೆ. ಕಪ್ಪು ರಬ್ಬರ್ ತುದಿಯ ಸುತ್ತ ಉಗುರಿಗೆ ಸಿಗುವಂಥ ಗೀರು. ಪಿನ್ ಮುಚ್ಚಿದರೂ ಪೆಟ್ರೋಲ್ ನುಸುಳುತ್ತಿದ್ದದ್ದು ಅಲ್ಲಿಂದಲೇ.

ಇಲ್ಲಿ ಕಿಟ್ಟಿಗೆ ಪೂರ್ತಿ ಮಾರ್ಕು. ಹೊಸ ಪಿನ್ ಸರಿಯಾಗಿ ಕೂತಿತು. ಕಾರ್ಬೊರೇಟರನ್ನು ತಲೆಕೆಳಗು ಹಿಡಿದು, ಪೆಟ್ರೋಲ್ ಬರುವ ನಳಿಗೆಗೆ ಸಣ್ಣ ಪೈಪ್ ಹಾಕಿ ಬಾಯಲ್ಲಿ ಊದಿದೆ. ಒಂಚೂರೂ ಗಾಳಿ ಹೋಗಲಿಲ್ಲ. ಹಳೇ ಪಿನ್ನಿಗೆ ಹೀಗೆ ಮಾಡಿದಾಗ ಸುಯ್ ಅಂದಿತ್ತು. ಬೌಲ್ ವಾಶರ್ ತನ್ನ ಸಂದಿನಲ್ಲಿ ಸರಿಯಾಗಿ ಕೂರುತ್ತೆ, ಎಲ್ಲೂ ಎಳೆಯಬೇಕಾಗಿಲ್ಲ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತೆ, ಅದು ತೇವ ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನು ಹಾಳು ಮಾಡುತ್ತೆ. ಹಳೇ ಗಾಡಿ ಇಟ್ಟವರಿಗೆ ಈ ರಬ್ಬರಿಗಾಗಿಯಾದರೂ ಕಿಟ್ ಬೇಕು.

ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ತಿರುಗಿ ನಿಂತಿತು ಅಂತ ಬರೆದಿಟ್ಟುಕೊಳ್ಳಿ. ಜೋರು ಮಾಡಿದರೆ ಸೂಜಿ ತುದಿ ಹಾಳಾಗುತ್ತೆ. ಹೊರಗೆ ತೆಗೆದಾಗ ಸ್ಪ್ರಿಂಗ್ ಬರುತ್ತೆ, ಅದರ ಹಿಂದೆ ಸಾಸಿವೆ ಗಾತ್ರದ ವಾಶರ್ ಮತ್ತು ಓ-ರಿಂಗ್ ಬರಬೇಕು. ಎಷ್ಟೋ ಸಲ ಓ-ರಿಂಗ್ ಒಳಗೇ ಉಳಿದುಬಿಡುತ್ತೆ. ಟಾರ್ಚ್ ಬಿಟ್ಟು ನೋಡಿ. ಅದರ ಮೇಲೆ ಇನ್ನೊಂದು ಕೂರಿಸಿದರೆ ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ಕೈಗೆ ಸಿಗಲ್ಲ. ಮೇಲಿನ ಮುಚ್ಚಳದೊಳಗಿನ ಡಯಾಫ್ರಮ್ ಅನ್ನುವ ತೆಳು ರಬ್ಬರ್ ಪೊರೆಗೆ ಮಾತ್ರ ಸ್ಪ್ರೇ ತಾಗಿಸಬೇಡಿ, ಊದಿಕೊಳ್ಳುತ್ತೆ. ಕಿಟ್ಟಿನಲ್ಲಿ ಅದು ಬರಲ್ಲ.

ಈಗ ಹಿತ್ತಾಳೆಗೆ ಬರೋಣ. ಕಿಟ್ಟಿನ ಸ್ಲೋ ಜೆಟ್ಟನ್ನೂ ಗಾಡಿಯದನ್ನೂ ಪಕ್ಕಪಕ್ಕ ಬೆಳಕಿಗೆ ಹಿಡಿದು ನೋಡಿದೆ. ಕೆತ್ತಿದ ನಂಬರ್ ಒಂದೇ. ತೂತು ಒಂದೇ ಅಲ್ಲ! ಅರ್ಧ ಮಿಲಿಮೀಟರ್ ಕೂಡ ಇಲ್ಲದ ಆ ತೂತು ಹೊಸದರಲ್ಲಿ ಕಣ್ಣಿಗೇ ದೊಡ್ಡದಾಗಿ ಕಾಣುತ್ತಿತ್ತು, ಅಂಚಿನಲ್ಲಿ ಹಿತ್ತಾಳೆಯ ಸಿಬಿರು ಬೇರೆ. ಪರೀಕ್ಷೆ ಮಾಡೋಣ ಅಂತಲೇ ಎರಡೂ ಹೊಸ ಜೆಟ್ ಹಾಕಿ ನಂದಿ ಹತ್ತಿಸಿದೆ. ಗಾಡಿ ಗೊರಗೊರ ಅನ್ನತೊಡಗಿತು. 1,478 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಅಲ್ಲಿ ಯಾವ ಕಾರ್ಬೊರೇಟರ್ ಗಾಡಿಗೂ ಪೆಟ್ರೋಲ್ ಪಾಲು ಸ್ವಲ್ಪ ಜಾಸ್ತಿಯಾಗುತ್ತೆ. ಅದಕ್ಕೆ ಕಿಟ್ಟನ್ನು ದೂರಲ್ಲ. ಆದರೆ ಕೆಳಗಿಳಿದು ಚದಲಪುರದ ಹತ್ತಿರ ಸಮತಟ್ಟು ರಸ್ತೆಯಲ್ಲೂ ಅದೇ ರಾಗ. ಪ್ಲಗ್ ಬಿಚ್ಚಿದರೆ ಕಾಡಿಗೆಯಂಥ ಮಸಿ, ಅಂದರೆ ಪೆಟ್ರೋಲ್ ಜಾಸ್ತಿ.

ಹಳೇ ಜೆಟ್ ಎರಡನ್ನೂ ಸ್ಪ್ರೇನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ವಾಪಸ್ ಹಾಕಿದೆ. ಕಬ್ಬಿಣದ ತಂತಿ ತೂರಿಸಲಿಲ್ಲ, ಹಿತ್ತಾಳೆ ಸವೆದರೆ ತೂತು ದೊಡ್ಡದಾಯಿತು ಅಂತಲೇ ಅರ್ಥ. ಈಗ ಚೋಕ್ ತೆಗೆದರೂ ಎಂಜಿನ್ ಆಫ್ ಆಗದೆ ತಣ್ಣಗೆ ಓಡುತ್ತೆ, ಪ್ಲಗ್ ಇಟ್ಟಿಗೆ ಬಣ್ಣಕ್ಕೆ ಬಂದಿದೆ, ಪೈಪಿನಿಂದ ಒಂದು ಹನಿಯೂ ಇಲ್ಲ.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ರಬ್ಬರಿಗೆ. ನಿಮ್ಮ ಜೆಟ್ ಮುರಿದಿಲ್ಲ, ಕಳೆದಿಲ್ಲ ಅಂದರೆ ಕಿಟ್ಟಿನ ಜೆಟ್ಟನ್ನು ಕವರಿನಲ್ಲೇ ಬಿಡಿ. ಮೆಕ್ಯಾನಿಕ್ಕಿಗೆ ಕೊಡುವವರು ಹಳೇ ಜೆಟ್ ವಾಪಸ್ ಕೇಳಿ ತೆಗೆದುಕೊಳ್ಳಿ. ಪಿನ್ನು, ವಾಶರ್ ಮಾತ್ರ ಬಿಡಿಯಾಗಿ ಕೊಡ್ತೀರಾ ಅಂತ ಅಂಗಡಿಯಲ್ಲಿ ಕೇಳಿದೆ. “ಸೆಟ್ಟೇ ಬರೋದು ಸಾರ್” ಎಂದರು.