ವೈನ್‌ನ ಸಿ ಡ್ರೈವ್ ನಂಬಿ ಲಗ್ನದ ಸೀಜನ್‌ನಲ್ಲೇ ಫೈಲ್ ಕಳಕೊಂಡೆ

ಕಲಬುರಗಿಯಲ್ಲಿ ಮಿನಿ ವಿಧಾನಸೌಧದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅರ್ಜಿ, ಬಾಂಡ್, ಲಗ್ನಪತ್ರಿಕೆ, ಇಷ್ಟೇ ಕೆಲಸ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು, ಅದರಲ್ಲಿ ವೈನ್ ಅನ್ನೋ ಸಾಫ್ಟ್‌ವೇರ್ ಮೂಲಕ ವಿಂಡೋಸ್ ಪ್ರೋಗ್ರಾಂ ಓಡಿಸಲು ಹೊರಟವರು ಇದನ್ನು ಓದಿ. ಅದರಲ್ಲೂ ಯಾರಾದರೂ "ಡಾಟ್ ವೈನ್ ಫೋಲ್ಡರ್ ಡಿಲೀಟ್ ಮಾಡಿ ಹೊಸದಾಗಿ ಶುರು ಮಾಡು" ಅಂತ ಹೇಳಿದ್ದರೆ ಐದು ನಿಮಿಷ ಕೈ ತಡೆಯಿರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಬೆಂಬಲ ನಿಂತಿತು. ನನ್ನ ಕಂಪ್ಯೂಟರ್‌ನ ಪ್ರೊಸೆಸರ್ ಇಂಟೆಲ್‌ನ ಆರನೇ ತಲೆಮಾರಿನ ಐ3. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಬೇಕು, ಮೇಲೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇರೆ. ಆ ವರ್ಷದ ಮಳೆಗೆ ಹೊಲದ ತೊಗರಿ ಹೋಗಿತ್ತು, ಹೊಸ ಕಂಪ್ಯೂಟರ್ ಮಾತೇ ಇರಲಿಲ್ಲ. ರಿಪೇರಿ ಹುಡುಗನೊಬ್ಬ ಲಿನಕ್ಸ್‌ನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ, "ವೈನ್ ಹಾಕೀನಿ ಅಣ್ಣಾ, ನಿಮ್ಮ ಕನ್ನಡ ಪ್ರೋಗ್ರಾಂ ಎಲ್ಲಾ ನಡೀತದ" ಅಂದ. ಹಳೇ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿಕೊಟ್ಟ, ಅದೊಂದು ಪುಣ್ಯ.

ನಡೆಯಿತು ಅಂತ ಹೇಳಲೇಬೇಕು, ಅರೆಬರೆ. ವೈನ್ ಅಂದರೆ ವಿಂಡೋಸ್ ಅಲ್ಲ. ಪ್ರೋಗ್ರಾಂ ವಿಂಡೋಸ್‌ಗೆ ಕೇಳುವುದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುವ ದುಭಾಷಿ, ಅಷ್ಟೇ. 1993ರಲ್ಲಿ ಶುರುವಾದ ಕೆಲಸ, 1.0 ಆವೃತ್ತಿ ಬರಲು 2008ರವರೆಗೆ ಕಾಯಬೇಕಾಯಿತು, ಅಷ್ಟು ಕಷ್ಟದ ದುಭಾಷಿತನ. ನನ್ನ ಅಂಗಡಿಯಲ್ಲಿ ಮೊದಲ ವಾರವೇ ಸಾಲುಗಳ ನಡುವಿನ ಅಂತರ ಸ್ವಲ್ಪ ಬದಲಾಗಿ, ಗಿರಾಕಿಯೊಬ್ಬರ ಸ್ಟಾಂಪ್ ಪೇಪರ್ ಮೇಲೆ ಕೊನೆಯ ಸಾಲು ಪುಟದಿಂದಲೇ ಜಾರಿತು. ಆ ದುಡ್ಡು ನಾನೇ ಕೊಟ್ಟೆ. ಕನ್ನಡ ಕೀಲಿಮಣೆ ವೈನ್ ಒಳಗಿನ ಕಿಟಕಿಯಲ್ಲಿ ಕೆಲಸ ಮಾಡುತ್ತಿತ್ತು, ಹೊರಗೆ ಬ್ರೌಸರ್‌ಗೆ ಬಂದರೆ ಇಲ್ಲ. ಪಕ್ಕದ ಅಂಗಡಿಯವರು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ತಂದು ನೋಡಿದರು, ಅದೂ ಆಗಲಿಲ್ಲ, ಅಂಥವಕ್ಕೆ ವಿಂಡೋಸ್‌ನ ಡ್ರೈವರ್ ಬೇಕು, ಅದನ್ನು ವೈನ್ ಸಾಮಾನ್ಯವಾಗಿ ಓಡಿಸುವುದಿಲ್ಲ. ಇವೆಲ್ಲ ತಾಳಿಕೊಳ್ಳಬಹುದಾದ ತ್ರಾಸು.

ದೊಡ್ಡ ಏಟು ಬಿದ್ದದ್ದು ಬೇರೆ ಕಡೆ. ವೈನ್‌ನಲ್ಲಿ ಫೈಲ್ ಉಳಿಸಲು ಹೋದರೆ ಸಿ ಡ್ರೈವ್ ಕಾಣುತ್ತದೆ, ಝಡ್ ಡ್ರೈವ್ ಕಾಣುತ್ತದೆ. ಝಡ್ ಅಂದರೆ ನಿಮ್ಮ ಇಡೀ ಲಿನಕ್ಸ್, ಅಲ್ಲಿ ಡಿಲೀಟ್ ಮಾಡಿದ್ದು ನಿಜವಾಗಿಯೂ ಹೋಗುತ್ತದೆ. ಸಿ ಡ್ರೈವ್ ಡಿಸ್ಕೇ ಅಲ್ಲ. ಅದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಹೆಸರು ಚುಕ್ಕೆಯಿಂದ ಶುರುವಾಗುವ ಕಾರಣ ಕಣ್ಣಿಗೆ ಬೀಳದ ಡಾಟ್ ವೈನ್ ಫೋಲ್ಡರ್‌ನ ಒಳಗೆ ಇರುವ ಇನ್ನೊಂದು ಫೋಲ್ಡರ್. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೈ ಡಾಕ್ಯುಮೆಂಟ್ಸ್‌ನಲ್ಲಿ ಉಳಿಸಿದ್ದರೂ ಬಚಾವಾಗುತ್ತಿದ್ದೆ, ಸಾಮಾನ್ಯವಾಗಿ ಅದು ವೈನ್ ಹೊರಗಿನ, ಲಿನಕ್ಸ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ಗೇ ಜೋಡಣೆಯಾಗಿರುತ್ತದೆ. ನಾನು ವರ್ಷಗಳ ಅಭ್ಯಾಸದಂತೆ ನೇರ ಸಿ ಡ್ರೈವ್ ತೆರೆದು "ಲಗ್ನ 2025" ಅಂತ ಫೋಲ್ಡರ್ ಮಾಡಿದೆ.

ತುಳಸಿ ಲಗ್ನ ಮುಗಿದು ಸೀಜನ್ ಶುರುವಾಗಿತ್ತು. ಒಂದು ಬೆಳಿಗ್ಗೆ ಪ್ರೋಗ್ರಾಂ ತೆರೆಯಲೇ ಇಲ್ಲ. ಹುಡುಗನಿಗೆ ಫೋನ್ ಮಾಡಿದೆ. ಒಂದು ಸಾಲಿನ ಕಮಾಂಡ್ ಕಳಿಸಿದ, ಆರ್‌ಎಂ ಅಂತ ಶುರು, ಕೊನೆಗೆ ಡಾಟ್ ವೈನ್. ಹೊಡೆದೆ. ಪ್ರೋಗ್ರಾಂ ಮತ್ತೆ ಹಾಕಿದೆ, ಹೂವಿನಂತೆ ತೆರೆಯಿತು. ಖುಷಿಯಲ್ಲಿ ಹೋಗಿ ಸುಸ್ಲಾ ತಿಂದು, ಚಹಾ ಕುಡಿದು ಬಂದು ಫೋಲ್ಡರ್ ಹುಡುಕಿದರೆ ಸಿ ಡ್ರೈವ್ ಹೊಚ್ಚ ಹೊಸದು. ಒಂದೂ ಪತ್ರಿಕೆ ಇಲ್ಲ.

ಆ ಕಮಾಂಡ್ ಕಸದ ಬುಟ್ಟಿಗೆ ಹಾಕುವುದಿಲ್ಲ, ನೇರ ಅಳಿಸುತ್ತದೆ. ಡೇಟಾ ತೆಗೆದುಕೊಡುವವರ ಬಳಿ ಒಯ್ದೆ. ಡಿಸ್ಕ್ ಎಸ್‌ಎಸ್‌ಡಿ ಅಂದ ಕೂಡಲೇ ಅವರು ಆಗಲ್ಲ ಅಂತ ಕೈ ಆಡಿಸಿದರು. ಮಿಂಟ್ ವಾರಕ್ಕೊಮ್ಮೆ ತಾನಾಗಿ ಟ್ರಿಮ್ ಅನ್ನೋ ಸ್ವಚ್ಛ ಮಾಡುವ ಕೆಲಸ ಓಡಿಸುತ್ತದೆ, ಆಮೇಲೆ ಅಳಿಸಿದ ಜಾಗದಲ್ಲಿ ಹುಡುಕಲು ಏನೂ ಉಳಿಯುವುದಿಲ್ಲ. ನಾನು ಒಯ್ದದ್ದು ಹತ್ತು ದಿನ ಬಿಟ್ಟು.

ಹುಡುಗನ ತಪ್ಪು ಅಂತ ಪೂರ್ತಿ ಹೇಳಲಾರೆ. ಆಟ ಆಡುವವರಿಗೆ ಅದು ಸರಿಯಾದ ಸಲಹೆಯೇ ಇರಬಹುದು, ಅವರ ಸಿ ಡ್ರೈವ್‌ನಲ್ಲಿ ಯಾರ ಮನೆಯ ಲಗ್ನವೂ ಇರುವುದಿಲ್ಲ ಅಲ್ವಾ. ನೀವು ಡಿಲೀಟ್ ಬದಲು ಆ ಫೋಲ್ಡರ್‌ನ ಹೆಸರು ಬದಲಿಸಿ, ವೈನ್ ತಾನಾಗಿ ಹೊಸದು ಮಾಡಿಕೊಳ್ಳುತ್ತದೆ, ಹಳೆಯದು ಹಾಗೇ ಇರುತ್ತದೆ. ಮಿಂಟ್‌ನಲ್ಲಿ ಫೋಲ್ಡರ್ ತೆರೆದು ಕಂಟ್ರೋಲ್ ಎಚ್ ಒತ್ತಿದರೆ ಚುಕ್ಕೆ ಹೆಸರಿನವೆಲ್ಲ ಕಾಣುತ್ತವೆ. ಇವತ್ತೇ ನೋಡಿ, ನಿಮ್ಮ ಕೆಲಸ ಅಲ್ಲೇ ಕೂತಿರಬಹುದು. ನಾನೀಗ ಹೊಸ ಪತ್ರಿಕೆಗಳನ್ನೆಲ್ಲ ವೈನ್ ಇಲ್ಲದೇ, ಎಲ್ಲ ಕಂಪ್ಯೂಟರ್‌ನಲ್ಲೂ ನಡೆಯುವ ಯೂನಿಕೋಡ್ ಅಕ್ಷರದಲ್ಲೇ ಮಾಡುತ್ತೇನೆ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್) ಕೀಲಿಮಣೆ ಸಿಗುತ್ತದೆ, ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಹಳೇ ಫಾಂಟ್‌ನ ಫೈಲ್‌ಗಳಿಗೆ ಮಾತ್ರ ವೈನ್.

ಹೋದ ಪತ್ರಿಕೆಗಳಲ್ಲಿ ಹೆಚ್ಚಿನವು ಗಿರಾಕಿಗಳ ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಸಿಕ್ಕವು, ನೋಡಿ ನೋಡಿ ಮತ್ತೆ ಟೈಪ್ ಮಾಡಿದೆ. ಜೇವರ್ಗಿ ಕಡೆಯವರದೊಂದು ಎಲ್ಲೂ ಸಿಗಲಿಲ್ಲ. ಲಗ್ನಕ್ಕೆ ಒಂಬತ್ತು ದಿನ. ಹುಡುಗಿಯ ಕಾಕಾ ಬಂದು ಪಕ್ಕದಲ್ಲಿ ಕೂತು ಸುಖಾಗಮನ ಬಯಸುವವರ ಅರವತ್ತು ಚಿಲ್ಲರೆ ಹೆಸರು ಇನ್ನೊಮ್ಮೆ ಬಾಯಲ್ಲೇ ಹೇಳಿದರು. ಆ ಭರದಲ್ಲಿ ಇಬ್ಬರು ಬೀಗರ ಹೆಸರು ಬಿಟ್ಟುಹೋಯಿತು. ಆ ಜಗಳ ಇನ್ನೂ ನಡೆದಿದೆ.