ಚಾಂಗಿ ಮತ್ತು ನಮ್ಮ ಟಿ2: ಎರಡೂ ಕಡೆ ಕಾದು ನೋಡಿದ ಮೇಲೆ

ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿಬರುವ ಕನ್ನಡಿಗರು ಈಗ ತುಂಬಾ ಜನ. ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು, ಅಲ್ಲಿ ವಿಮಾನ ಬದಲಿಸಿ ಆಸ್ಟ್ರೇಲಿಯಾಕ್ಕೆ ಹೋಗುವ ಹುಡುಗರು. ಸಿಂಗಾಪುರದ ಚಾಂಗಿ, ಬೆಂಗಳೂರು ನಿಲ್ದಾಣದ ಎರಡನೇ ಟರ್ಮಿನಲ್ ಅಂದರೆ ಟಿ2, ಎರಡೂ ವಿಮಾನ ನಿಲ್ದಾಣಗಳಲ್ಲಿ ನಾನು ಗಂಟೆಗಟ್ಟಲೆ ಕಾದಿದ್ದೇನೆ. ನನ್ನ ಅಳತೆ ಒಂದೇ. ಏನೂ ಕೊಳ್ಳದ ಪ್ರಯಾಣಿಕರು ಅಲ್ಲಿ ಎಷ್ಟು ಆರಾಮಾಗಿ ಇರಬಹುದು?

ಕಣ್ಣಿಗೆ ನಮ್ಮ ಟಿ2 ಹೆಚ್ಚು ಇಷ್ಟ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಟರ್ಮಿನಲ್ ಇದು. 2023ರ ಸೆಪ್ಟೆಂಬರಿನಿಂದ ವಿದೇಶಿ ವಿಮಾನಗಳು ಇಲ್ಲಿಂದಲೇ ಹೊರಡುತ್ತವೆ. ಚಾವಣಿಗೆ ಬಿದಿರು, ಮೇಲಿನಿಂದ ಇಳಿಬಿಟ್ಟ ಗಿಡಗಳು. ಚಾಂಗಿಯಲ್ಲೂ ತೋಟಗಳಿವೆ, ಮೂರನೇ ಟರ್ಮಿನಲ್ಲಿನಲ್ಲಿ ಚಿಟ್ಟೆಗಳ ತೋಟವೇ ಇದೆ. ಆದರೆ ಅದನ್ನು ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ತಲೆ ಎತ್ತಿದರೆ ಸಾಕು, ಹಸಿರು.

ಕೂರೋಕೆ, ಮಲಗೋಕೆ ಮಾತ್ರ ಚಾಂಗಿಗೆ ಸಾಟಿಯಿಲ್ಲ. ಕಾಲು ಚಾಚಿ ಒರಗುವ ಕುರ್ಚಿಗಳ ವಿಶ್ರಾಂತಿ ಜಾಗಗಳಿವೆ, ಪೂರ್ತಿ ಉಚಿತ. ಬಹುಪಾಲು ನೆಲಕ್ಕೆಲ್ಲ ದಪ್ಪ ಕಾರ್ಪೆಟ್ಟು. ಸೂಟ್‌ಕೇಸಿನ ಚಕ್ರದ ಗಡಗಡ ಸದ್ದು ಅದರಲ್ಲೇ ಅಡಗಿಹೋಗುತ್ತದೆ. ರಾತ್ರಿ ಕಳೆಯಬೇಕಾದವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ನಿದ್ದೆಗೆಟ್ಟವರಿಗೇ ಗೊತ್ತು.

ಟಾಯ್ಲೆಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಚಾಂಗಿಯಲ್ಲಿ ಹೊರಗೆ ಬರುವ ದಾರಿಯಲ್ಲೇ ಒಂದು ಟಚ್ ಸ್ಕ್ರೀನ್ ಇರುತ್ತದೆ. ನಗುವ ಮುಖದಿಂದ ಸಪ್ಪೆ ಮುಖದವರೆಗೆ ಚಿತ್ರಗಳು. ಸಪ್ಪೆ ಮುಖ ಒತ್ತಿದರೆ ಏನು ತೊಂದರೆ ಅಂತ ಕೇಳುತ್ತದೆ: ನೆಲ ಒದ್ದೆಯಾ, ಪೇಪರ್ ಇಲ್ಲವಾ? ದೂರು ಕೂಡಲೇ ಶುಚಿ ಮಾಡುವ ಸಿಬ್ಬಂದಿಗೆ ತಲುಪುತ್ತದೆ. ದೂರು ಕೊಡುವುದು ಇಷ್ಟು ಸುಲಭವಾದರೆ ಯಾರು ತಾನೇ ಸುಮ್ನೆ ಹೋಗ್ತಾರೆ?

ಆದರೆ ಚಾಂಗಿಯ ಒಂದು ಪದ್ಧತಿ ನನಗೆ ಒಗ್ಗುವುದಿಲ್ಲ. ಒಂದು, ಎರಡು, ಮೂರನೇ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ನಡೆಯುವುದು ವಿಮಾನ ಹತ್ತುವ ಗೇಟಿನಲ್ಲೇ. ನಲ್ಲಿಯಲ್ಲಿ ತುಂಬಿಸಿಕೊಂಡ ನೀರನ್ನು ಅಲ್ಲಿ ಚೆಲ್ಲಬೇಕು. ಎಷ್ಟೋ ಗೇಟುಗಳ ಒಳಗೆ ಟಾಯ್ಲೆಟ್ಟೂ ಇಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಇದು ನಿಜವಾದ ಕಷ್ಟ. ಬೆಂಗಳೂರಿನಲ್ಲಿ ತಪಾಸಣೆ ಮೊದಲೇ ಮುಗಿಯುತ್ತದೆ. ಆಮೇಲೆ ತುಂಬಿಸಿದ ಬಾಟಲಿ ವಿಮಾನದೊಳಗೂ ಜೊತೆಗೇ ಬರುತ್ತದೆ. ಇದರಲ್ಲಿ ನಮ್ಮದೇ ವಾಸಿ.

ಅಂಗಡಿಗಳಲ್ಲಿ ಅಂಥ ವ್ಯತ್ಯಾಸವಿಲ್ಲ. ಸೆಂಟು, ಚಾಕೊಲೇಟು, ಮದ್ಯ ಎರಡೂ ಕಡೆ ಸಾಲುಸಾಲು. ಬಾಟಲಿಗಳನ್ನು ಅಲ್ಲಿಂದ ಹೊತ್ತು ತರುವ ಅಗತ್ಯವೇ ಇಲ್ಲ, ಬೆಂಗಳೂರಲ್ಲಿ ಇಳಿದ ಮೇಲೂ ಡ್ಯೂಟಿ ಫ್ರೀ ಅಂಗಡಿ ಸಿಗುತ್ತದೆ. ಸುಂಕವಿಲ್ಲದೆ ತರಬಹುದಾದ ಮದ್ಯ ಹೇಗೂ ಎರಡೇ ಲೀಟರ್. ಉಡುಗೊರೆಗೆ ಚನ್ನಪಟ್ಟಣದ ಗೊಂಬೆ ಬೇಕೆಂದರೆ ಮಾತ್ರ ಹೊರಡುವಾಗ ಇಲ್ಲೇ ಕೊಳ್ಳಿ.

ಚಾಂಗಿ ಅಂದರೆ ಎಲ್ಲರೂ 2019ರಲ್ಲಿ ತೆರೆದ ಜ್ಯೂಯೆಲ್ ಎಂಬ ಗಾಜಿನ ಮಾಲ್ ಬಗ್ಗೆಯೇ ಕೇಳುತ್ತಾರೆ. ಅದರೊಳಗಿನ 40 ಮೀಟರ್ ಎತ್ತರದ ಜಲಪಾತ ಇರುವುದು ಇಮಿಗ್ರೇಷನ್ ದಾಟಿದ ಮೇಲೆ. ವೀಸಾ ಇಲ್ಲದೆ ವಿಮಾನ ಬದಲಿಸುವವರಿಗೆ ಅದು ಸಿಗುವುದಿಲ್ಲ. ಬೇಸರ ಬೇಡ. ಎರಡು ಮತ್ತು ಮೂರನೇ ಟರ್ಮಿನಲ್ ನಡುವೆ ಓಡುವ ಸ್ಕೈಟ್ರೇನ್ ಎಂಬ ಪುಟ್ಟ ರೈಲು ಜ್ಯೂಯೆಲ್ ಒಳಗಿಂದಲೇ ಹಾಯ್ದು ಹೋಗುತ್ತದೆ. ದುಡ್ಡು ಕೊಡಬೇಕಿಲ್ಲ, ಕಿಟಕಿ ಪಕ್ಕ ನಿಂತುಕೊಳ್ಳಿ.

ಊರು ಸೇರುವುದರಲ್ಲಿ ಪೈಪೋಟಿಯೇ ಇಲ್ಲ. ಚಾಂಗಿಗೆ 2002ರಿಂದ ಮೆಟ್ರೊ ಇದೆ, ನಮಗೆ ಸದ್ಯಕ್ಕೆ ವಾಯುವಜ್ರ ಬಸ್ಸೇ ಗತಿ.

ನಮ್ಮ ನಿಲ್ದಾಣಗಳಿಂದ ನಾನು ಕೇಳುವುದು ಅಗ್ಗದ ಚಹಾ. ಕೋಲ್ಕತ್ತ ನಿಲ್ದಾಣದಲ್ಲಿ 2024ರ ಡಿಸೆಂಬರಿನಲ್ಲಿ ಉಡಾನ್ ಯಾತ್ರಿ ಕೆಫೆ ಎಂಬ ಅಗ್ಗದ ತಿಂಡಿ-ಚಹಾ ಅಂಗಡಿ ಶುರುವಾಯಿತು. ಚಹಾ 10 ರೂಪಾಯಿ, ಸಮೋಸ 20. ಅಲ್ಲಿ ಆಗಿದ್ದು ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನಲ್ಲೂ ಆಗಬೇಕು. ಮೂಲೆಯಲ್ಲಿ ಒಂದು ಪುಟ್ಟ ಕೌಂಟರ್ ಅಲ್ಲ, ಪ್ರತಿ ಗೇಟಿನ ಹತ್ತಿರ ಒಂದೊಂದು.