ತಾಲ್ಲೂಕು ಆಸ್ಪತ್ರೆಯ ಫ್ರೀ ಟಿಬಿ ಟ್ರೀಟ್‌ಮೆಂಟ್: 5ಕ್ಕೆ 4 ಸ್ಟಾರ್

ಅಪ್ಪಂಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾದಾಗ ಪ್ರೈವೇಟಾ ಗೌರ್ಮೆಂಟಾ ಅಂತ ಮನೇಲಿ ಚರ್ಚೆ ಆಗಿ ಕೊನೆಗೆ ನಮ್ಮ ತಾಲ್ಲೂಕು ಆಸ್ಪತ್ರೇಲೇ ಶುರು ಮಾಡಿದ್ವಿ, ಈಗ 6 ತಿಂಗಳ ಕೋರ್ಸ್ ಮುಗೀತು, ಹೊಸದಾಗಿ ಶುರು ಮಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮಾತ್ರೆ ಪೂರ್ತಿ ಫ್ರೀ. ನಾಲ್ಕು ಔಷಧಿ ಒಂದೇ ಮಾತ್ರೇಲಿ ಇರುತ್ತೆ, ತೂಕ ನೋಡಿ ಕೊಡ್ತಾರೆ, ಅಪ್ಪ 46 ಕೆಜಿ ಇದ್ದಿದ್ರಿಂದ ದಿನಕ್ಕೆ 3. ಟಿಬಿ ಇರೋರ ಊಟಕ್ಕೆ ಅಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ದುಡ್ಡು ತಿಂಗಳಿಗೆ 1000 (ಮುಂಚೆ 500 ಇತ್ತು), ನಮಗೆ ಲೇಟಾಗಿ ಬಂತು ಆದ್ರೂ ಮೊಟ್ಟೆ ಹಾಲಿಗೆ ಆಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಮೊದಲ ದಿನ ಮಾತ್ರೆ ಕೊಟ್ಟೋರು ಸೈಡ್ ಎಫೆಕ್ಟ್ ಬಗ್ಗೆ ಒಂದು ಮಾತೂ ಹೇಳ್ಲಿಲ್ಲ. ಮಾರನೇ ದಿನ ಮೂತ್ರ ಕೆಂಪಗೆ ಹೋಗಿದ್ದು ನೋಡಿ ಅಪ್ಪ ರಕ್ತ ಹೋಗ್ತಿದೆ ಅಂತ ಗಾಬರಿಯಾಗಿ ಇನ್ನು ಮಾತ್ರೆ ಮುಟ್ಟಲ್ಲ ಅಂತ ಕೂತ್ಬಿಟ್ರು. ನಮ್ಮ ಬೀದಿ ಆಶಾ ಕಾರ್ಯಕರ್ತೆ ಅಕ್ಕ ಬಂದು "ಯಜಮಾನ್ರೆ, ಅದು ಈ ಮಾತ್ರೇಲಿರೋ ರಿಫಾಂಪಿಸಿನ್ ಅನ್ನೋ ಔಷಧಿ ಬಣ್ಣ, ಬೆವರು ಕಣ್ಣೀರೂ ಹಂಗೇ ಬರ್ಬೋದು, ಏನೂ ಆಗಲ್ಲ. ಆದ್ರೆ ಕಣ್ಣು ಹಳದಿ ಆದ್ರೆ, ಊಟ ಸೇರ್ದೆ ವಾಂತಿ ಆಗ್ತಾನೇ ಇದ್ರೆ, ಮೂತ್ರ ಡಿಕಾಕ್ಷನ್ ತರ ಕಪ್ಪಗೆ ಹೋದ್ರೆ ಅವತ್ತೇ ಆಸ್ಪತ್ರೆಗೆ ಬನ್ನಿ, ಅದು ಲಿವರ್‌ದು" ಅಂದ್ರು. ಅಪ್ಪ ಮಾತ್ರೆ ಬಿಡದೆ ತಗೊಂಡಿದ್ದು ಆ ಅಕ್ಕನಿಂದ, ಆಕೆಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ.

ಆಮೇಲೆ ಬಂದಿದ್ದಕ್ಕೆಲ್ಲ ಡಾಕ್ಟರು ಚೆನ್ನಾಗಿ ನೋಡಿದ್ರು. ಖಾಲಿ ಹೊಟ್ಟೇಲಿ ವಾಕರಿಕೆ ಬರ್ತಿತ್ತು, ಸ್ವಲ್ಪ ಗಂಜಿ ಕುಡಿದು ತಗೊಳ್ಳಿ ಅಂದ್ರು, ಕಮ್ಮಿ ಆಯ್ತು. ಮಂಡಿ ನೋವು ಅದೇ ಮಾತ್ರೇಲಿರೋ ಪೈರಾಜಿನಮೈಡ್‌ನಿಂದ ಯೂರಿಕ್ ಆಸಿಡ್ ಏರಿ ಬಂದಿದ್ದಂತೆ, ಎರಡು ತಿಂಗಳಾಗಿ ಆ ಔಷಧಿ ನಿಂತ್ಮೇಲೆ ನೋವೂ ಹೋಯ್ತು. ಕಾಲು ಜುಮ್ ಅನ್ನೋದಕ್ಕೆ ಬಿ6 ಮಾತ್ರೆ. ಎಥಾಂಬ್ಯುಟಾಲ್ ಕಣ್ಣಿಗೆ ತೊಂದ್ರೆ ಕೊಡ್ಬೋದು, ಕೆಂಪು ಹಸಿರು ಸರಿಯಾಗಿ ಕಾಣ್ತಿದ್ಯಾ ಅಂತ ಹೋದಾಗೆಲ್ಲ ಕೇಳ್ತಿದ್ರು.

ಶುಗರ್ ಇರೋರು ಇದನ್ನ ಗಮನಿಸಿ: ರಿಫಾಂಪಿಸಿನ್ ಕೆಲವು ಶುಗರ್ ಮಾತ್ರೆ ಪವರ್ ಕಮ್ಮಿ ಮಾಡುತ್ತೆ. ಅಪ್ಪನ ಶುಗರ್ ಏರಿ ಡೋಸ್ ಬದಲಾಯಿಸ್ಬೇಕಾಯ್ತು, ಕೋರ್ಸ್ ಮುಗಿದ್ಮೇಲೆ ಮತ್ತೆ ನೋಡಿ ಇಳಿಸಿದ್ರು. ಗರ್ಭನಿರೋಧಕ ಮಾತ್ರೇನೂ ಇದ್ರ ಜೊತೆ ಸರಿಯಾಗಿ ಕೆಲ್ಸ ಮಾಡಲ್ಲ, ಹೆಣ್ಮಕ್ಕಳು ಕೇಳಿ ತಿಳ್ಕೊಳ್ಳಿ.

ದಯವಿಟ್ಟು ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ಅರ್ಧಕ್ಕೆ ಬಿಟ್ರೆ ಔಷಧಿಗೆ ಬಗ್ಗದ ಟಿಬಿ ಆಗ್ಬೋದು. ಆಸ್ಪತ್ರೆಯೋರು ಇದನ್ನೆಲ್ಲ ಕನ್ನಡದಲ್ಲಿ ಒಂದು ಚೀಟೀಲಿ ಬರೆದು ಮೊದಲ ದಿನಾನೇ ಕೊಟ್ರೆ ಐದನೇ ಸ್ಟಾರೂ ಕೊಡ್ತೀನಿ. ಅಲ್ಲೀವರೆಗೂ ಡೌಟ್ ಬಂದ್ರೆ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.